ಲಾಂಗ್‌ಆರ್ಮ್ ಮಷಿನ್‌ನಲ್ಲಿ ಪದೇ ಪದೇ ಸೂಜಿ ಮುರಿಯುತ್ತಿದೆಯಾ? ಮುರಿದ ಸೂಜಿಯನ್ನು ಎಸೆಯಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಬಾಗಲಕೋಟೆ ಕಡೆಯವಳು. ಮದುವೆಯಾದ ಮೇಲೆ ಅಮೆರಿಕದ ಟೆಕ್ಸಾಸ್‌ಗೆ ಬಂದೆ. ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಮಷಿನ್ ತಗೊಂಡೆ, ಹತ್ತು ಅಡಿ ಫ್ರೇಮಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಮಷಿನ್ ಓಡಾಡಿಸಿ ಹೊಲಿಯುವಂಥದ್ದು. ಅಮ್ಮನ ಹಳೆ ಇಳಕಲ್ ಸೀರೆಗಳನ್ನು ತುಂಡು ಮಾಡಿ ಜೋಡಿಸಿ ಕ್ವಿಲ್ಟ್ ಮಾಡುತ್ತೇನೆ. ಒಳಗೆ ಬ್ಯಾಟಿಂಗ್ (ಪದರಗಳ ನಡುವಿನ ಮೆತ್ತನೆ ಹಾಸು) ಜೊತೆಗೆ ನಮ್ಮ ಕಡೆ ಕೌದಿಗೆ ಹಾಕುವ ಹಾಗೆ ಒಂದು ಹಳೆ ಕಾಟನ್ ಸೀರೆಯನ್ನೂ ಹಾಕುತ್ತೇನೆ. ಮೊದಲ ಎರಡು ಕ್ವಿಲ್ಟ್ ಚೆನ್ನಾಗಿ ಬಂದವು. ಮೂರನೆಯದು ಅಕ್ಕನ ಮೊಮ್ಮಗುವಿಗೆ. ಅದರಲ್ಲಿ ಸೂಜಿ ಮುರಿಯಲು ಶುರುವಾಯಿತು. 16ನೇ ನಂಬರ್ ಬಿಟ್ಟು 18ನೇ ನಂಬರಿನ ಟೈಟಾನಿಯಂ ಸೂಜಿ ಹಾಕಿದೆ. ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಮುರಿಯುವುದು ಹೆಚ್ಚಾಗಿ ಮಷಿನ್ ನನ್ನ ಕಡೆ ಎಳೆದುಕೊಳ್ಳುವಾಗ, ಅದೂ ಜೋಡಣೆ ದಪ್ಪ ಇರುವ ಕಡೆ. ಮುರಿಯದೆ ಇದ್ದಾಗ ಹೊಲಿಗೆ ಚೆನ್ನಾಗಿಯೇ ಬೀಳುತ್ತದೆ. ಆದರೆ ಈಚೆಗೆ ದಾರ ನಾರು ನಾರಾಗಿ ತುಂಡಾಗುತ್ತಿದೆ. ಗೆಳತಿ "ಬಟ್ಟೆ ಇನ್ನೂ ಬಿಗಿಯಾಗಿ ಎಳೆದು ಕಟ್ಟು" ಅನ್ನುತ್ತಾಳೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ "ಟೈಮಿಂಗ್ ಹೋಗಿದೆ, ಹೆಡ್ (ಫ್ರೇಮ್ ಬಿಟ್ಟು ಹೊಲಿಯುವ ಭಾಗ) ಬಿಚ್ಚಿ ಕಳಿಸಿ" ಅಂದರು. ಕಳಿಸಬೇಕಾ? ನಾನೇ ಸರಿ ಮಾಡಿಕೊಳ್ಳಬಹುದಾ? ಊರಿಂದ ಬರುವಾಗ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಂದ ಸೂಜಿ ಪ್ಯಾಕೆಟ್‌ಗಳಿವೆ, ಹಾಕಬಹುದಾ? ಮುರಿದ ಸೂಜಿಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಮುರಿದ ಸೂಜಿಗಳನ್ನು ಎತ್ತಿಟ್ಟು ಫೋಟೋ ತೆಗೆದು ಕಳಿಸಿದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಬಹಳ ಜನ ಮುರಿದ ಸೂಜಿಯನ್ನು ಕಸದ ಬುಟ್ಟಿಗೆ ಹಾಕಿ, ಹೊಸದು ಸಿಕ್ಕಿಸಿ, ಮತ್ತೆ ಶುರು ಮಾಡುತ್ತಾರೆ. ಅದೂ ಮುರಿದಾಗ ಮಷಿನ್ ಮೇಲೆ ಅನುಮಾನ ಬರುತ್ತದೆ. ಸೂಜಿ ಎಲ್ಲಿ ಮುರಿದಿದೆ, ಯಾವ ಕಡೆ ಬಾಗಿದೆ, ಯಾವ ಮೈಯಲ್ಲಿ ಗೀರು ಬಿದ್ದಿದೆ ಅಂತ ನೋಡಿದರೆ ಕಾರಣ ಮುಕ್ಕಾಲು ಭಾಗ ಅಲ್ಲೇ ಸಿಗುತ್ತದೆ.

ಕಾರಣಕ್ಕೆ ಹೋಗುವ ಮುಂಚೆ ಒಂದು ತುರ್ತು ವಿಷಯ. ಈ ಕ್ವಿಲ್ಟ್ ಎಳೆ ಮಗುವಿಗೆ. ಹಾಗಾಗಿ ಮುರಿದ ಪ್ರತಿ ಸೂಜಿಯ ತುದಿ ನಿಮ್ಮ ಕೈಗೆ ಸಿಕ್ಕಿದೆಯಾ ಅನ್ನುವುದೇ ಮೊದಲ ಪ್ರಶ್ನೆ. ನಿಮ್ಮ ಫೋಟೋದಲ್ಲಿ ಎರಡು ಸೂಜಿಗಳ ತುದಿಯೇ ಇಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಾನು ಮೆಕ್ಯಾನಿಕ್ ಆಗಿದ್ದಾಗ ಮಕ್ಕಳ ಬಟ್ಟೆಯ ಲೈನಿನಲ್ಲಿ ಇದು ಕಟ್ಟುನಿಟ್ಟಿನ ನಿಯಮ. ಸೂಜಿ ಮುರಿದರೆ ಆಪರೇಟರ್ ಮಷಿನ್ ನಿಲ್ಲಿಸಬೇಕು. ಎಲ್ಲ ಚೂರುಗಳನ್ನೂ ಹುಡುಕಿ, ಟೇಪಿನಲ್ಲಿ ಅಂಟಿಸಿ, ರಿಜಿಸ್ಟರಿಗೆ ಸೇರಿಸಿದ ಮೇಲೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಬಟ್ಟೆ ಲೈನಿನಿಂದ ಆಚೆ ಹೋಗುತ್ತದೆ, ಮೆಟಲ್ ಡಿಟೆಕ್ಟರ್ ದಾಟದೆ ವಾಪಸ್ ಬರುವುದಿಲ್ಲ. ಮನೆಯಲ್ಲಿ ನೀವೂ ಹಾಗೇ ಮಾಡಿ. ಒಂದು ಬಲವಾದ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಸೂಜಿ ಮುರಿದ ಜಾಗದಲ್ಲಿ ಕ್ವಿಲ್ಟಿನ ಮೇಲೂ ಕೆಳಗೂ ನಿಧಾನವಾಗಿ ಸರಿಸಿ. ಬಾಬಿನ್ ಕೇಸ್ ತೆಗೆದು, ಅದರ ಸುತ್ತ ತಿರುಗುವ ಹುಕ್ಕಿನ (ಮೇಲಿನ ದಾರ ಹಿಡಿಯುವ ಕೊಕ್ಕೆ) ಒಳಗೆ ಟಾರ್ಚ್ ಬಿಟ್ಟು ನೋಡಿ. ತುದಿ ಅಲ್ಲಿ ಬಿದ್ದಿರುವುದೇ ಹೆಚ್ಚು. ಅಲ್ಲೂ ಇಲ್ಲದಿದ್ದರೆ ಬ್ಯಾಟಿಂಗ್ ಒಳಗೆ ಸೇರಿಕೊಂಡಿರಬಹುದು. ಬೆರಳಿನಿಂದ ಒತ್ತಿ ಹುಡುಕಬೇಡಿ, ಚುಚ್ಚುತ್ತದೆ. ತುದಿ ಸಿಗುವವರೆಗೆ ಆ ಕ್ವಿಲ್ಟ್ ಮಗುವಿಗೆ ಕೊಡಬೇಡಿ. ಹಾಗೇ ಇನ್ನು ಮುಂದೆ ಕನ್ನಡಕ ಇಲ್ಲದೆ ಮಷಿನ್ ಮುಂದೆ ನಿಲ್ಲಬೇಡಿ. ಆ ವೇಗದಲ್ಲಿ ಮುರಿದ ಚೂರು ಎತ್ತ ಹಾರುತ್ತದೆ ಅಂತ ಹೇಳಲಾಗದು.

ಈಗ ಸೂಜಿಗಳನ್ನು ನೋಡೋಣ. ನೀವು ಕಳಿಸಿದ ಹತ್ತಿರದ ಫೋಟೋದಲ್ಲಿ ಸೂಜಿ ಕಣ್ಣಿನ ಜಾಗದಲ್ಲೇ ತುಂಡಾಗಿದೆ. ಕಣ್ಣಿನ ಸ್ವಲ್ಪ ಮೇಲೆ, ಹಿಂಬದಿಯಲ್ಲಿ ಒಂದು ತಗ್ಗು ಇರುತ್ತದೆ ನೋಡಿ. ಹುಕ್ಕಿನ ಮೊನೆ ಬಂದು ದಾರದ ಕುಣಿಕೆಯನ್ನು ಎತ್ತಿಕೊಳ್ಳುವುದು ಆ ತಗ್ಗಿನಲ್ಲೇ. ನಿಮ್ಮ ಸೂಜಿಯ ತಗ್ಗಿನಲ್ಲಿ ಟೈಟಾನಿಯಂ ಲೇಪದ ಚಿನ್ನದ ಬಣ್ಣ ಅಡ್ಡಗೀರಾಗಿ ಕೆರೆದು ಹೋಗಿ, ಒಳಗಿನ ಉಕ್ಕು ಬೆಳ್ಳಗೆ ಕಾಣುತ್ತಿದೆ. ಹುಕ್ಕಿನ ಮೊನೆ ಅಲ್ಲಿ ಉಜ್ಜಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನೊಂದು ಸೂಜಿ ಪೂರ್ತಿ ಮುರಿದಿಲ್ಲ, ತುದಿ ಹಾರಿ ಮೈ ಬಾಗಿದೆ. ಅದು ನೀಡಲ್ ಪ್ಲೇಟಿನ, ಅಂದರೆ ಸೂಜಿ ಇಳಿಯುವ ಲೋಹದ ತಟ್ಟೆಯ, ತೂತಿನ ಅಂಚಿಗೆ ಹೊಡೆದಿದ್ದು. ಸೂಜಿ ಮೇಲೆ, ಸ್ಕ್ರೂ ಹಿಡಿದ ಬುಡದ ಹತ್ತಿರ ಮುರಿದಿದ್ದರೆ ಕಥೆ ಬೇರೆ. ಆಗ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ಸೂಜಿ ಪೂರ್ತಿ ಮೇಲೆ ಹೋಗಿ ಕೂತಿಲ್ಲ, ಇಲ್ಲವೇ ಕೆಳಗೆ ದಾರ ಗಂಟು ಬಿದ್ದು ಮಷಿನ್ ಬಿಗಿದುಕೊಂಡಿದೆ ಅಂತ ಅನುಮಾನ ಪಡಬೇಕು. ನಿಮ್ಮ ಸೂಜಿಗಳಲ್ಲಿ ಒಂದೂ ಹಾಗೆ ಮುರಿದಿಲ್ಲ.

ಅಂದರೆ ಸೂಜಿ ಹೋಗಬೇಕಾದ ದಾರಿ ಬಿಟ್ಟು ಪಕ್ಕಕ್ಕೆ ಬಾಗುತ್ತಿದೆ. ಬಾಗಿದ್ದು ಒಮ್ಮೆ ಹುಕ್ಕಿಗೆ ಸಿಗುತ್ತದೆ, ಒಮ್ಮೆ ಪ್ಲೇಟಿಗೆ. ಯಾಕೆ ಬಾಗುತ್ತದೆ ಅಂತ ತಿಳಿಯಲು ಈ ಮಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಮನೆಯ ಹೊಲಿಗೆ ಮಷಿನ್‌ನಲ್ಲಿ ಸೂಜಿ ನಿಂತಲ್ಲೇ ಇರುತ್ತದೆ, ಬಟ್ಟೆ ಸರಿಯುತ್ತದೆ. ಅದೂ ಸೂಜಿ ಬಟ್ಟೆಯಿಂದ ಆಚೆ ಬಂದ ಮೇಲೆ ಮಾತ್ರ ಕೆಳಗಿನ ಹಲ್ಲುಗಳು ಬಟ್ಟೆಯನ್ನು ತಳ್ಳುತ್ತವೆ. ಲಾಂಗ್‌ಆರ್ಮ್‌ನಲ್ಲಿ ಉಲ್ಟಾ. ಬಟ್ಟೆ ರೋಲರುಗಳ ಮೇಲೆ ನಿಂತಿರುತ್ತದೆ, ಇಡೀ ಮಷಿನ್ ಗಾಲಿಗಳ ಮೇಲೆ ಓಡಾಡುತ್ತದೆ. ಸೂಜಿ ಬಟ್ಟೆಯೊಳಗೆ ಇಳಿದಿರುವಾಗಲೂ ನಿಮ್ಮ ಕೈ ಮಷಿನ್ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಹೊಲಿಗೆಯಲ್ಲೂ ಸೂಜಿ ಸ್ವಲ್ಪ ಬಾಗಿಯೇ ಬಾಗುತ್ತದೆ. ಅದು ದೋಷವಲ್ಲ, ಈ ಮಷಿನ್‌ನ ಗುಣ. ಬಾಗುವುದು ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಒಂದು ಲೆಕ್ಕ ಹಾಕೋಣ. ಮ್ಯಾನ್ಯುಯಲ್ ಮೋಡ್‌ನಲ್ಲಿ ಮಷಿನ್ ನಿಮಿಷಕ್ಕೆ 1500 ಹೊಲಿಗೆ ಹಾಕುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 25 ಹೊಲಿಗೆ. ನಿಮ್ಮ ಕೈ ಸೆಕೆಂಡಿಗೆ 10 ಸೆಂಟಿಮೀಟರ್ ಎಳೆದರೆ ಒಂದು ಹೊಲಿಗೆಯ ಹೊತ್ತಿಗೆ ಮಷಿನ್ 4 ಮಿಲಿಮೀಟರ್ ಸರಿದಿರುತ್ತದೆ. ಆ ಹೊತ್ತಿನ ಮೂರನೇ ಒಂದು ಭಾಗ ಸೂಜಿ ಬಟ್ಟೆಯೊಳಗೆ ಇರುತ್ತದೆ ಅಂತ ಹಿಡಿದರೂ ಸೂಜಿ ಒಳಗಿದ್ದಾಗಲೇ ಮಷಿನ್ 1.3 ಮಿಲಿಮೀಟರ್ ಮುಂದೆ ಹೋಗಿದೆ. ನಿಮ್ಮ 16ನೇ ನಂಬರ್ ಸೂಜಿಯ ದಪ್ಪವೇ 1 ಮಿಲಿಮೀಟರ್. ತೆಳು ಬಟ್ಟೆಯಾದರೆ ಸೂಜಿಯ ಜೊತೆ ತಾನೂ ಸ್ವಲ್ಪ ಸರಿದು ಜಾಗ ಕೊಡುತ್ತದೆ. ಎಂಟು ಪದರ ಒಟ್ಟಿಗೆ ಸೇರಿದ ಜೋಡಣೆಯ ಮೂಲೆ, ಅದರ ಕೆಳಗೆ ಬ್ಯಾಟಿಂಗ್, ಇನ್ನೊಂದು ಕಾಟನ್ ಸೀರೆ ಅಂದರೆ ಬಟ್ಟೆ ಜಗ್ಗುವುದಿಲ್ಲ. ಸೂಜಿಯೇ ಜಗ್ಗಬೇಕು. ಹೊಲಿಗೆಯ ಉದ್ದ ಒಂದೇ ಸಮ ಇಡುವ ಸ್ಟಿಚ್ ರೆಗ್ಯುಲೇಟರ್ ಹಾಕಿಕೊಂಡಿದ್ದರೆ ಕೈ ಜೋರಾದಷ್ಟೂ ಸೂಜಿಯ ವೇಗವೂ ಏರುತ್ತದೆ. ಇಂಚಿಗೆ 10 ಹೊಲಿಗೆ ಇಟ್ಟರೆ ಒಂದು ಹೊಲಿಗೆಗೆ ಎರಡೂವರೆ ಮಿಲಿಮೀಟರ್ ಮಾತ್ರ. ಸೂಜಿಗೆ ಬೀಳುವ ಎಳೆತ ಅಷ್ಟರಮಟ್ಟಿಗೆ ಕಡಿಮೆ.

ಇನ್ನು ಯಾಕೆ ನಿಮ್ಮ ಕಡೆ ಎಳೆಯುವಾಗಲೇ ಮುರಿಯುತ್ತದೆ? ಇದನ್ನು ನೀವು ಗಮನಿಸಿದ್ದು ತುಂಬ ಉಪಯೋಗಕ್ಕೆ ಬಂತು. ಬಹುಪಾಲು ಲಾಂಗ್‌ಆರ್ಮ್‌ಗಳಲ್ಲಿ ಸೂಜಿಯ ತಗ್ಗು ಹಿಂದಕ್ಕೆ ಇರುತ್ತದೆ, ಹುಕ್ಕಿನ ಮೊನೆ ಆ ಹಿಂಬದಿಯಲ್ಲೇ ಹಾದು ಹೋಗುತ್ತದೆ. ಮಷಿನ್ ನಿಮ್ಮ ಕಡೆ ಬಂದಾಗ ಬಟ್ಟೆ ಸೂಜಿಯ ತುದಿಯನ್ನು ಹಿಡಿದು ನಿಲ್ಲಿಸುತ್ತದೆ. ತುದಿ ಹಿಂದೆ ಉಳಿಯುತ್ತದೆ, ಅಂದರೆ ಹುಕ್ಕಿನ ಕಡೆಗೆ ಬಾಗುತ್ತದೆ. ಮೊನೆ ಬಂದು ಉಜ್ಜುತ್ತದೆ. ಮಷಿನ್ ಆ ಕಡೆ ತಳ್ಳುವಾಗ ತುದಿ ಹುಕ್ಕಿನಿಂದ ದೂರ ಬಾಗುತ್ತದೆ. ಆಗ ಸೂಜಿ ಮುರಿಯುವುದಿಲ್ಲ, ಹೊಲಿಗೆ ತಪ್ಪುತ್ತದೆ. ಮುಂದಿನ ಸಲ ಆ ಕಡೆ ತಳ್ಳಿ ಹೊಲಿದ ಗೆರೆಗಳನ್ನು ಹತ್ತಿರದಿಂದ ನೋಡಿ. ಅಲ್ಲೊಂದು ಇಲ್ಲೊಂದು ಉದ್ದ ಹೊಲಿಗೆ ಕಂಡರೆ ನನ್ನ ಲೆಕ್ಕ ಸರಿ ಅಂತ ಇಟ್ಟುಕೊಳ್ಳಿ.

18ನೇ ನಂಬರ್ ಹಾಕಿದ ಮೇಲೆ ಜಾಸ್ತಿಯಾಗಿದ್ದು ಯಾಕೆ? "ದಪ್ಪ ಸೂಜಿ ಹಾಕಿದರೆ ಮುರಿಯಲ್ಲ" ಅನ್ನುವುದು ಅರ್ಧ ನಿಜ. ಸೂಜಿಯ ದಪ್ಪವನ್ನು ಎರಡು ಬಗೆಯ ನಂಬರಿನಲ್ಲಿ ಬರೆಯುತ್ತಾರೆ. 16 ಅಂದರೆ 100, ಅಂದರೆ 1.0 ಮಿಲಿಮೀಟರ್. 18 ಅಂದರೆ 110, ಅಂದರೆ 1.1 ಮಿಲಿಮೀಟರ್. ಲಾಂಗ್‌ಆರ್ಮ್ ಪ್ಯಾಕೆಟ್ ಮೇಲೆ ಇದನ್ನೇ 3.5 ಮತ್ತು 4.0 ಅಂತಲೂ ಬರೆದಿರುತ್ತಾರೆ. ದುಂಡು ಸರಳಿನ ಬಾಗದಿರುವ ಶಕ್ತಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಆ ಲೆಕ್ಕದಲ್ಲಿ ದಪ್ಪ ಹತ್ತರಲ್ಲಿ ಒಂದು ಭಾಗ ಏರಿದರೆ ಗಟ್ಟಿತನ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹಾಗಾಗಿ 18 ನಿಜವಾಗಿಯೂ ಕಡಿಮೆ ಬಾಗುತ್ತದೆ. ಆದರೆ ಹುಕ್ಕಿನ ಮೊನೆಗೂ ಸೂಜಿಗೂ ನಡುವೆ ಇರುವ ಸಂದು ಒಂದು ಕಾಗದದ ದಪ್ಪದಷ್ಟು ಮಾತ್ರ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಒಳಗೆ. ನಿಮ್ಮ ಮಷಿನ್ ಮೊದಲ ಎರಡು ಕ್ವಿಲ್ಟ್‌ಗಳಿಗೆ 16ರಲ್ಲಿ ಚೆನ್ನಾಗಿ ಓಡಿತ್ತು, ಅಂದರೆ ಆ ಸಂದು 16ನೇ ಸೂಜಿಗೆ ಹೊಂದಿಕೊಂಡಿತ್ತು. 18 ಹಾಕಿದಾಗ ಸೂಜಿ ಹಿಂಬದಿಗೆ 0.05 ಮಿಲಿಮೀಟರ್ ಜಾಸ್ತಿ ಚಾಚಿತು. ಇದ್ದ ಸಂದಿನ ಅರ್ಧಕ್ಕೂ ಹೆಚ್ಚು ಅಲ್ಲೇ ಹೋಯಿತು. ಇನ್ನು ಸ್ವಲ್ಪ ಬಾಗಿದರೂ ಸಾಕು, ಹುಕ್ ತಗುಲುತ್ತದೆ.

ಟೈಟಾನಿಯಂ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಆ ಸೂಜಿ ಟೈಟಾನಿಯಂನಿಂದ ಮಾಡಿದ್ದಲ್ಲ. ಉಕ್ಕಿನ ಸೂಜಿಗೆ ಟೈಟಾನಿಯಂ ನೈಟ್ರೈಡಿನ ತೆಳು ಲೇಪ. ಆ ಲೇಪದಿಂದ ಸೂಜಿ ಬೇಗ ಸವೆಯುವುದಿಲ್ಲ, ಮೊನೆ ಹೆಚ್ಚು ದಿನ ಚೂಪಾಗಿರುತ್ತದೆ. ಬಾಗದಿರುವುದಕ್ಕೂ ಮುರಿಯದಿರುವುದಕ್ಕೂ ಅದರಿಂದ ಏನೂ ಸಹಾಯವಿಲ್ಲ. ದುಡ್ಡು ಕೊಡುವುದಾದರೆ ಪ್ಯಾಕೆಟ್ ಮೇಲೆ ಎಂ.ಆರ್. ಅಂತ ಇರುವ ಸೂಜಿಗೆ ಕೊಡಿ. ಎಲ್ಲ ದಿಕ್ಕಿಗೂ ಓಡುವ ಮಷಿನ್‌ಗೆಂದೇ ಅದರ ಮೈಯನ್ನು ಬಲಪಡಿಸಿರುತ್ತಾರೆ. ಅದೇ ದಪ್ಪದ ಸಾಮಾನ್ಯ ಸೂಜಿಗಿಂತ ಕಡಿಮೆ ಬಾಗುತ್ತದೆ.

ನಿಮ್ಮ ಗೆಳತಿಯ ಸಲಹೆಯನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ. ಬಟ್ಟೆ ತಬಲಾದ ಚರ್ಮದ ಹಾಗೆ ಬಿಗಿಯಾಗಿದ್ದರೆ ಹೊಲಿಗೆ ಸಪಾಟಾಗಿ ಬರುತ್ತದೆ ಅನ್ನುವುದು ಕ್ವಿಲ್ಟ್ ಮಾಡುವವರಲ್ಲಿ ಬಹಳ ಹರಡಿರುವ ನಂಬಿಕೆ. ಆಗುವುದು ಬೇರೆಯೇ. ಬಟ್ಟೆ ಬಿಗಿಯಾದಷ್ಟೂ ಸೂಜಿಯ ಜೊತೆ ಜಗ್ಗುವ ಶಕ್ತಿ ಕಳೆದುಕೊಳ್ಳುತ್ತದೆ. ಪೂರ್ತಿ ಬಾಗುವಿಕೆ ಸೂಜಿಯ ಪಾಲಿಗೆ ಬೀಳುತ್ತದೆ. ಒಂದು ಪರೀಕ್ಷೆ ಮಾಡಿ. ಕ್ವಿಲ್ಟಿನ ಕೆಳಗಿನಿಂದ ಒಂದು ಬೆರಳು ಮೇಲಕ್ಕೆ ಒತ್ತಿ. ಇನ್ನೊಂದು ಕೈಯಿಂದ ಮೇಲಿನಿಂದ ಆ ಬೆರಳಿನ ತುದಿಯನ್ನು ಬಟ್ಟೆ ಸಮೇತ ಹಿಡಿಯಲು ಬರಬೇಕು. ಹಿಡಿಯಲು ಬಾರದಿದ್ದರೆ ರೋಲರ್ ಒಂದೆರಡು ಹಲ್ಲು ಸಡಿಲಿಸಿ. ಹಳೆ ರೇಷ್ಮೆ ಸೆರಗು ಇರುವ ಕ್ವಿಲ್ಟ್‌ಗಂತೂ ಇದು ಇನ್ನೂ ಮುಖ್ಯ. ಬಿಗಿ ಜಾಸ್ತಿಯಾದರೆ ಹೊಲಿಗೆಯ ತೂತುಗಳಲ್ಲೇ ರೇಷ್ಮೆ ಸೀಳಿಕೊಳ್ಳುತ್ತದೆ. ಆಮೇಲೆ ಅದನ್ನು ಸರಿ ಮಾಡಲು ಯಾರಿಂದಲೂ ಆಗದು.

ಈಗ ದಾರ ನಾರಾಗುವ ವಿಷಯ. ಇದು ಹೊಸ ಕಾಯಿಲೆಯಲ್ಲ, ಮೊದಲನೆಯದರ ಮುಂದುವರಿಕೆ. ಮೊದಲ ಸಲ ಸೂಜಿ ಪ್ಲೇಟಿಗೆ ಹೊಡೆದಾಗ ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಏಳುತ್ತದೆ. ಹುಕ್ಕಿಗೆ ಹೊಡೆದರೆ ಅಲ್ಲೂ ಹಾಗೇ. ದಾರ ಪ್ರತಿ ಹೊಲಿಗೆಗೂ ಆ ಮುಳ್ಳನ್ನು ಸವರಿಕೊಂಡು ಹೋಗುತ್ತದೆ. ಸವರಿ ಸವರಿ ನಾರೇಳುತ್ತದೆ. ನಾರೆದ್ದ ದಾರ ಸಿಕ್ಕಿಹಾಕಿಕೊಂಡು ಸೂಜಿಯನ್ನು ಒಂದು ಕಡೆಗೆ ಎಳೆಯುತ್ತದೆ. ಸೂಜಿ ಮತ್ತೆ ಪ್ಲೇಟಿಗೆ ಹೊಡೆಯುತ್ತದೆ. ಮೊದಲ ಸೂಜಿ ಮುರಿಯಲು ಕಾರಣ ಏನೇ ಇರಲಿ, ಆಮೇಲಿನವು ಈ ಮುಳ್ಳಿನಿಂದಲೂ ಮುರಿಯುತ್ತಿರಬಹುದು. ಅದಕ್ಕೇ ನಾನು ಯಾವಾಗಲೂ ಹೇಳುವುದು: ಸೂಜಿ ಮುರಿದ ಮೇಲೆ ಪ್ಲೇಟ್ ನೋಡದೆ ಹೊಸ ಸೂಜಿ ಹಾಕಬೇಡಿ. ಅನೇಕ ಮಷಿನ್‌ಗಳಲ್ಲಿ ನಾನು ಕಂಡಿದ್ದು ಇದೇ. ಒಂದೇ ಸಲದ ಹೊಡೆತ, ತಿಂಗಳುಗಟ್ಟಲೆ ಸೂಜಿ ಖರ್ಚು.

ಹಾಗಾದರೆ ಟೈಮಿಂಗ್? ಮೆಕ್ಯಾನಿಕ್ ಹೇಳಿದ್ದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಆದರೆ ಮಷಿನ್ ನೋಡದೆ ಫೋನಿನಲ್ಲಿ ಹೇಳುವ ಮಾತಲ್ಲ ಅದು. ಟೈಮಿಂಗ್ ಅಂದರೆ ಸೂಜಿ ಕೆಳಗೆ ಮುಟ್ಟಿ ಮೇಲೇಳಲು ಶುರು ಮಾಡಿದ ತಕ್ಷಣ, ದಾರ ಸ್ವಲ್ಪ ಉಬ್ಬಿ ಕುಣಿಕೆಯಾದ ಕ್ಷಣದಲ್ಲೇ ಹುಕ್ಕಿನ ಮೊನೆ ಬಂದು ಅದನ್ನು ಹಿಡಿಯುವುದು. ಒಂದು ಹೊಲಿಗೆಗೆ ಹುಕ್ ಎರಡು ಸುತ್ತು ತಿರುಗುತ್ತದೆ. ನಿಮಿಷಕ್ಕೆ 1500 ಹೊಲಿಗೆ ಅಂದರೆ 3000 ಸುತ್ತು. ಇಷ್ಟು ವೇಗದಲ್ಲಿ ಟೈಮಿಂಗ್ ನಿಜವಾಗಿಯೂ ತಪ್ಪಿದ್ದರೆ ಯಾವ ದಿಕ್ಕಿಗೆ ಓಡಿಸಿದರೂ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ಇಲ್ಲವೇ ಕೆಳಗಿನ ದಾರವೇ ಹಿಡಿಯುವುದಿಲ್ಲ. ನಿಮಗೆ ಮುರಿಯದೆ ಇದ್ದಾಗ ಹೊಲಿಗೆ ಚೆನ್ನಾಗಿದೆ. ಇನ್ನೊಂದು ವಿಷಯ, ಹುಕ್ ತನ್ನ ಶಾಫ್ಟಿನ ಮೇಲೆ ಸ್ಕ್ರೂಗಳ ಬಿಗಿಯಲ್ಲಿ ನಿಂತಿರುತ್ತದೆ. ಅದು ರಾತ್ರೋರಾತ್ರಿ ಸರಿಯುವುದಿಲ್ಲ. ಬಾಬಿನ್ ಒಳಗೆ ದಾರ ಗಂಟು ಬಿದ್ದು ಮಷಿನ್ ಗಕ್ಕನೆ ನಿಂತಾಗ, ಇಲ್ಲವೇ ಸೂಜಿ, ಗೆರೆ ನೇರ ಬರಲೆಂದು ಇಡುವ ರೂಲರ್ ಮೇಲೆ ಜೋರಾಗಿ ಬಿದ್ದಾಗ ಸರಿಯಬಹುದು. ಅಂಥದ್ದು ಆಗಿತ್ತಾ ನೆನಪಿಸಿಕೊಳ್ಳಿ. ರೂಲರ್ ಬಳಸುವವರಾದರೆ ಕಾಲು ಇಂಚು ದಪ್ಪದ್ದೇ ಬಳಸಿ. ತೆಳು ರೂಲರ್, ಹಾಪಿಂಗ್ ಫುಟ್ (ಸೂಜಿಯ ಜೊತೆ ಎದ್ದಿಳಿಯುವ ಪಾದ) ಎದ್ದಾಗ ಅದರ ಅಡಿಗೆ ನುಸುಳಿಬಿಡುತ್ತದೆ.

ಟೈಮಿಂಗ್ ಹೇಗಿದೆ ಅಂತ ನೋಡುವುದು ನಿಮ್ಮಿಂದ ಆಗುತ್ತದೆ. ತಿದ್ದುವುದು ಬೇರೆ ವಿಷಯ, ಅದನ್ನು ಆಮೇಲೆ ಹೇಳುತ್ತೇನೆ. ಪ್ಲಗ್ ತೆಗೆಯಿರಿ. ಹೊಸ ಸೂಜಿ ಹಾಕಿ, ದಾರ ಬೇಡ. ಪ್ಲೇಟ್ ಬಿಚ್ಚಿ, ಬಾಬಿನ್ ಕೇಸ್ ತೆಗೆಯಿರಿ. ಕೈಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸೂಜಿ ಪೂರ್ತಿ ಕೆಳಗೆ ಹೋಗಿ ಮೇಲೇಳಲು ಶುರು ಮಾಡುತ್ತದೆ. ಅಲ್ಲಿಂದ ಸುಮಾರು ಎರಡು ಮಿಲಿಮೀಟರ್ ಎದ್ದಾಗ ಹುಕ್ಕಿನ ಮೊನೆ ಸೂಜಿಯ ಹಿಂದಿನ ತಗ್ಗಿನಲ್ಲಿ, ಕಣ್ಣಿನ ಸ್ವಲ್ಪ ಮೇಲೆ ಇರಬೇಕು. ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿ. ಮೊನೆಗೂ ಸೂಜಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಆ ಕ್ಷಣದಲ್ಲಿ ಬೆರಳಿನ ತುದಿಯನ್ನು ಸೂಜಿಗೆ ಹಗುರವಾಗಿ ತಾಗಿಸಿಟ್ಟು ಚಕ್ರ ತಿರುಗಿಸಿ. ಮೊನೆ ಹಾದುಹೋಗುವಾಗ ಸೂಜಿ ಚೂರು ಅಲುಗಿದರೂ ಬೆರಳಿಗೆ ಗೊತ್ತಾಗುತ್ತದೆ. ಇದನ್ನು ಮೊದಲು 16ರಲ್ಲಿ, ಆಮೇಲೆ 18ರಲ್ಲಿ ಮಾಡಿ. 16ರಲ್ಲಿ ಅಲುಗದೆ 18ರಲ್ಲಿ ಅಲುಗಿದರೆ ಟೈಮಿಂಗ್ ಹೋಗಿಲ್ಲ, ಸಂದು ಸಾಲುತ್ತಿಲ್ಲ ಅಷ್ಟೇ. ಎರಡರಲ್ಲೂ ಅಲುಗಿದರೆ ಹುಕ್ ಸರಿದಿದೆ ಅಂತ ಅನುಮಾನ ಪಡಲು ಕಾರಣವಿದೆ.

ಪ್ಲೇಟ್ ಬಿಚ್ಚಿದ್ದೀರಲ್ಲ, ಅದನ್ನೂ ನೋಡಿಬಿಡಿ. ಹಳೆ ನೈಲಾನ್ ಸಾಕ್ಸ್ ಒಂದನ್ನು ತೂತಿನ ಒಳಗೆ ಸೇರಿಸಿ ಸುತ್ತಲೂ ಎಳೆಯಿರಿ. ಎಲ್ಲಾದರೂ ಎಳೆ ಸಿಕ್ಕಿದರೆ ಅಲ್ಲಿ ಮುಳ್ಳಿದೆ. 600 ಅಥವಾ ಇನ್ನೂ ನುಣುಪಾದ ಎಮರಿ ಕಾಗದವನ್ನು ಬತ್ತಿಯಂತೆ ಹೊಸೆದು ತೂತಿನಲ್ಲಿ ತೂರಿಸಿ, ಸಿಕ್ಕುವ ಜಾಗದಲ್ಲಿ ಮಾತ್ರ ಉಜ್ಜಿ. ತೂತು ದೊಡ್ಡದಾಗುವಷ್ಟು ಉಜ್ಜಬೇಡಿ. ಪೆಟ್ಟು ಆಳವಾಗಿದ್ದರೆ ಪ್ಲೇಟ್ ಬದಲಿಸುವುದೇ ಸರಿ, ಹುಕ್ಕಿನ ಮುಂದೆ ಅದು ದೊಡ್ಡ ಖರ್ಚಲ್ಲ. ಹುಕ್ಕಿನ ಮೊನೆಗೆ ಮಾತ್ರ ಎಮರಿ ಹಚ್ಚಬೇಡಿ. ಉಗುರಿನ ಮೇಲೆ ಮೊನೆಯನ್ನು ಹಗುರವಾಗಿ ಸವರಿ ನೋಡಿ. ಕೊಕ್ಕೆಯಂತೆ ಸಿಕ್ಕಿದರೆ, ಇಲ್ಲವೇ ಮೊಂಡಾಗಿದ್ದರೆ ಅದು ಮೆಕ್ಯಾನಿಕ್ ಕೆಲಸ. ಆ ಮೊನೆಯನ್ನು ನಾವು ಒಂದಿಷ್ಟು ಉಜ್ಜಿ ಗಿಡ್ಡ ಮಾಡಿದರೂ ಕುಣಿಕೆ ಹಿಡಿಯುವ ಕ್ಷಣ ಬದಲಾಗುತ್ತದೆ. ಆಮೇಲೆ ಹುಕ್ಕನ್ನೇ ಬದಲಿಸಬೇಕಾಗುತ್ತದೆ.

ಎಲ್ಲ ಸ್ವಚ್ಛ ಮಾಡಿ, ಮಷಿನ್‌ನ ಪುಸ್ತಕದಲ್ಲಿ ಹೇಳಿದಷ್ಟು ಎಣ್ಣೆ ಬಿಟ್ಟು, ಮತ್ತೆ 16ನೇ ನಂಬರ್ ಎಂ.ಆರ್. ಸೂಜಿಗೆ ಹೋಗಿ. ಸೂಜಿ ಹಾಕುವಾಗ ಎರಡು ಗಮನಿಸಿ. ಮೇಲೆ ತಡೆಯುವವರೆಗೆ ತಳ್ಳಬೇಕು, ಅರ್ಧ ಮಿಲಿಮೀಟರ್ ಕೆಳಗೆ ನಿಂತರೂ ಟೈಮಿಂಗ್ ತಪ್ಪಿದ ಹಾಗೆಯೇ. ಎರಡನೆಯದು, ಈ ಸೂಜಿಯ ಬುಡ ಪೂರ್ತಿ ದುಂಡಗಿರುತ್ತದೆ. ಮನೆ ಮಷಿನ್ ಸೂಜಿಯಂತೆ ಒಂದು ಕಡೆ ಚಪ್ಪಟೆಯಿಲ್ಲ. ಹಾಗಾಗಿ ಓರೆಯಾಗಿ ಕೂರಿಸಿದರೂ ಕೂತುಬಿಡುತ್ತದೆ. ಕಣ್ಣಿನಲ್ಲಿ ಒಂದು ಗುಂಡುಸೂಜಿ ತೂರಿಸಿ ನೋಡಿ. ಅದು ನೇರ ನಿಮ್ಮ ಕಡೆ ಚಾಚಿರಬೇಕು, ಎಡಕ್ಕೋ ಬಲಕ್ಕೋ ತಿರುಗಿರಬಾರದು. ಆಮೇಲೆ ಸ್ಕ್ರೂ ಬಿಗಿ ಮಾಡಿ, ಬಿಗಿ ಮಾಡುವಾಗ ಸೂಜಿ ತಿರುಗಿತಾ ಅಂತ ಇನ್ನೊಮ್ಮೆ ನೋಡಿ.

ಚಿಕ್ಕಪೇಟೆಯ ಸೂಜಿಗಳ ಬಗ್ಗೆ ಕೇಳಿದ್ದೀರಿ. ಭಾರತದಲ್ಲಿ ಕೊಂಡಿದ್ದು ಅನ್ನುವುದು ತೊಂದರೆಯೇ ಅಲ್ಲ. 1852ರಲ್ಲಿ ಜರ್ಮನಿಯಲ್ಲಿ ಶುರುವಾದ ಗ್ರೋಝ್-ಬೆಕರ್ಟ್ ಕಂಪನಿಗೆ ಚಂಡೀಗಢದಲ್ಲೂ ಕಾರ್ಖಾನೆ ಇದೆ. ನೋಡಬೇಕಾದ್ದು ಪ್ಯಾಕೆಟ್ ಮೇಲಿನ ಸಂಖ್ಯೆಯನ್ನು. ನಮ್ಮ ಅಂಗಡಿಗಳಲ್ಲಿ "ಪವರ್ ಮಷಿನ್ ಸೂಜಿ" ಅಂತ ಕೇಳಿದರೆ ಸಾಮಾನ್ಯವಾಗಿ ಡಿಬಿ×1 ಕೊಡುತ್ತಾರೆ. ಅದರ ಬುಡದ ದಪ್ಪ 1.62 ಮಿಲಿಮೀಟರ್. ಲಾಂಗ್‌ಆರ್ಮ್‌ಗಳಲ್ಲಿ ಸಾಮಾನ್ಯವಾಗಿ ಬೇಕಾದ್ದು 134, ಅದನ್ನೇ 135×5 ಅಥವಾ ಡಿಪಿ×5 ಅಂತಲೂ ಬರೆಯುತ್ತಾರೆ. ಅದರ ಬುಡ 2 ಮಿಲಿಮೀಟರ್. ಡಿಬಿ×1 ಅನ್ನು 2 ಮಿಲಿಮೀಟರ್ ಗೂಡಿಗೆ ಹಾಕಿ ಸ್ಕ್ರೂ ಬಿಗಿದರೆ ಹಿಡಿದುಕೊಂಡ ಹಾಗೆ ಕಾಣುತ್ತದೆ, ಆದರೆ ಸೂಜಿ ಒಂದು ಪಕ್ಕಕ್ಕೆ ಒತ್ತಿ ನಿಲ್ಲುತ್ತದೆ. ಹುಕ್ ಹಾಳು ಮಾಡಿಕೊಳ್ಳಲು ಅದು ಸಾಕು. ನಿಮ್ಮ ಪ್ಯಾಕೆಟ್ ಮೇಲೆ ಡಿಪಿ×5 ಇದ್ದರೆ ಎತ್ತಿಟ್ಟುಕೊಳ್ಳಿ, ತೆಳು ಕ್ವಿಲ್ಟ್‌ಗೆ ಆಗುತ್ತದೆ. ಡಿಬಿ×1 ಇದ್ದರೆ ಈ ಮಷಿನ್‌ಗೆ ಬೇಡ. ಪ್ಯಾಕೆಟ್ ಇಲ್ಲದೆ ಬಿಡಿಬಿಡಿಯಾಗಿ ಕೊಂಡ ಸೂಜಿಯನ್ನು ಯಾವ ಮಷಿನ್‌ಗೂ ಹಾಕಬೇಡಿ.

ಇಳಕಲ್ ಸೀರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೈಯಲ್ಲಿ ಕೌದಿ ಹೊಲಿಯುವವರಿಗೆ ದಪ್ಪ ಜಾಗ ಸಿಕ್ಕಿದ ತಕ್ಷಣ ಬೆರಳಿಗೆ ಗೊತ್ತಾಗುತ್ತದೆ. ಸೂಜಿ ಚೂರು ಸರಿಸಿ ಪಕ್ಕದಲ್ಲಿ ಚುಚ್ಚುತ್ತಾರೆ. ಮಷಿನ್‌ಗೆ ಅದು ಗೊತ್ತಾಗುವುದಿಲ್ಲ, ನೀವೇ ಮೊದಲು ನೋಡಿಡಬೇಕು. ಇಳಕಲ್ ಸೀರೆಯ ಸೆರಗನ್ನು ತೋಪು ತೆನೆಯಲ್ಲಿ, ಅಂದರೆ ಕುಣಿಕೆ ಕುಣಿಕೆ ಸೇರಿಸಿ ಒಡಲಿಗೆ ಕೂಡಿಸಿರುತ್ತಾರೆ. ಆ ಗೆರೆಯ ಮೇಲೆ ನಿಮ್ಮ ತುಂಡು ಜೋಡಣೆಯೂ ಬಂದರೆ ದಪ್ಪ ಇಮ್ಮಡಿ. ಕತ್ತರಿಸುವಾಗಲೇ ಆ ಗೆರೆ ತುಂಡಿನ ನಡುವೆ ಬರುವಂತೆ ನೋಡಿಕೊಳ್ಳಿ. ಹಲವು ಮೂಲೆಗಳು ಒಂದೆಡೆ ಸೇರುವಲ್ಲಿ ಒಳಗಿನ ಅಂಚುಗಳನ್ನು ಒಂದೇ ಕಡೆಗೆ ಮಡಚದೆ ಬಿಡಿಸಿ ಇಸ್ತ್ರಿ ಮಾಡಿ. ಸೆರಗಿನಲ್ಲೋ ಅಂಚಿನಲ್ಲೋ ಜರಿ ಇದ್ದರೆ ಅದರ ಮೇಲೆ ಓಡಿಸಬೇಡಿ, ಪಕ್ಕದಲ್ಲಿ ಓಡಿಸಿ. ಜರಿ ಅಂದರೆ ಲೋಹದ ಹೊದಿಕೆಯ ಎಳೆ, ಸೂಜಿಯ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ. ಅಲ್ಲಿ ಹೊಲಿಗೆ ಬೇಕೇ ಬೇಕು ಅನ್ನಿಸಿದರೆ ಕೈಯಲ್ಲಿ ಹಾಕಿ, ಚೆಂದವೂ ಕಾಣುತ್ತದೆ. ಇನ್ನು ಹಳೆ ರೇಷ್ಮೆಗೆ ಗಟ್ಟಿ ಬರಲಿ ಅಂತ ಹಿಂದೆ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಬಟ್ಟೆ) ಹಚ್ಚಿದ್ದೀರಾ? ಹಚ್ಚಿದ್ದರೆ ಸೂಜಿ ಬಿಸಿಯಾದಾಗ ಅದರ ಅಂಟು ಸೂಜಿಗೆ ಮೆತ್ತುತ್ತದೆ. ದಾರ ನಾರಾಗಲು ಅದೂ ಒಂದು ಕಾರಣ. ಆಗಾಗ ನಿಲ್ಲಿಸಿ, ಪ್ಲಗ್ ತೆಗೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಸೂಜಿ ಒರೆಸಿ.

ಓಡಿಸುವ ರೀತಿಯಲ್ಲಿ ಒಂದೇ ಒಂದು ಅಭ್ಯಾಸ ಬದಲಿಸಿದರೂ ಬಹಳ ವ್ಯತ್ಯಾಸ ಕಾಣುತ್ತದೆ. ಸೂಜಿ ಕೆಳಗೆ ನಿಂತಿರುವಾಗ ಹ್ಯಾಂಡಲ್ ಎಳೆಯಬೇಡಿ. ಮಷಿನ್ ನಿಲ್ಲಿಸಿ, ಕ್ವಿಲ್ಟ್ ನೋಡಲು ಅಂತ ಬಗ್ಗಿ, ಏಳುವಾಗ ಕೈ ಹ್ಯಾಂಡಲ್ ಮೇಲೆ ಬೀಳುತ್ತದೆ ಅಲ್ವಾ, ಆಗಲೇ ಸೂಜಿ ಬಾಗಿಬಿಡುತ್ತದೆ. ನಿಲ್ಲಿಸಿದಾಗ ಸೂಜಿ ಮೇಲೇ ನಿಲ್ಲುವಂತೆ ಸೆಟ್ಟಿಂಗ್ ಇಡಿ. ದಪ್ಪ ಮೂಲೆ ಬಂದಾಗ ಕೈ ನಿಧಾನ ಮಾಡಿ, ರೆಗ್ಯುಲೇಟರ್‌ನಲ್ಲೇ ಇರಿ. ಗಾಲಿಗಳಿಗೆ ದಾರದ ಚೂರು ಸುತ್ತಿಕೊಂಡಿದೆಯಾ ನೋಡಿ. ಅದು ಸಿಕ್ಕಿ ಮಷಿನ್ ಒಂದು ಕ್ಷಣ ತಡೆದು ಆಮೇಲೆ ಜಿಗಿದರೆ, ಆ ಜಿಗಿತವೂ ಸೂಜಿಯ ಮೇಲೇ ಬೀಳುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹೆಡ್ ಕಳಿಸಬೇಕಾ ಅನ್ನುವುದು. ಈಗಲೇ ಬೇಡ. ಮೇಲೆ ಹೇಳಿದ್ದನ್ನೆಲ್ಲ ಮಾಡಿ, ಬೇಡದ ಬಟ್ಟೆಯಲ್ಲಿ ಅಷ್ಟೇ ದಪ್ಪದ ಒಂದು ತುಂಡು ಕಟ್ಟಿ, ನಾಲ್ಕೂ ದಿಕ್ಕಿಗೆ ಓಡಿಸಿ. ಹೆಡ್ ಭಾರದ ವಸ್ತು. ದಾರಿಯಲ್ಲಿ ಒಂದು ಪೆಟ್ಟು ಬಿದ್ದರೆ ಇಲ್ಲದ ಹೊಸ ತೊಂದರೆ ಸೇರಿಕೊಳ್ಳುತ್ತದೆ. ಕಳಿಸುವುದು ಕೊನೆಯ ದಾರಿ. ಕಳಿಸಲೇಬೇಕಾದರೆ ಮಷಿನ್ ಬಂದ ಪೆಟ್ಟಿಗೆಯಂಥದ್ದೇ ಗಟ್ಟಿ ಪ್ಯಾಕಿಂಗ್, ವಿಮೆ ಎರಡೂ ಇರಲಿ.

ಹುಕ್ ನೀವೇ ತಿದ್ದುವ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಕೆಲಸ ಕಷ್ಟವೇನಲ್ಲ. ಹುಕ್ಕಿನ ಸ್ಕ್ರೂಗಳನ್ನು ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಬಿಗಿ ಮಾಡುವುದು. ತೊಂದರೆ ಏನೆಂದರೆ ಒಮ್ಮೆ ಸಡಿಲಿಸಿದ ಮೇಲೆ ಮೊದಲು ಎಲ್ಲಿತ್ತು ಅನ್ನುವ ಗುರುತು ಹೋಗುತ್ತದೆ. ಟೈಮಿಂಗ್, ಸಂದು ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಒಂದು ಸರಿ ಮಾಡಲು ಹೋದರೆ ಇನ್ನೊಂದು ಜಾರುತ್ತದೆ. ಹತ್ತಿರದಲ್ಲಿ ತೋರಿಸಿಕೊಡುವವರು ಇದ್ದರೆ ಕಲಿತುಕೊಳ್ಳಿ, ಈ ಮಷಿನ್ ಇಟ್ಟುಕೊಂಡವರಿಗೆ ಬೇಕಾದ ವಿದ್ಯೆ ಅದು. ಯಾರೂ ಇಲ್ಲದೆ ವಿಡಿಯೋ ನೋಡಿಕೊಂಡು ಮಾಡುವುದಾದರೆ, ಈಗಿನ ಹುಕ್ಕಿನ ಜಾಗವನ್ನು ಹತ್ತಿರದಿಂದ ಫೋಟೋ ತೆಗೆದು, ಶಾಫ್ಟ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಂಡೇ ಕೈ ಹಾಕಿ. ಅವಸರದ ಆರ್ಡರ್ ಇಟ್ಟುಕೊಂಡು ಹಾಕಬೇಡಿ.

ಬೆರಳಿನ ಪರೀಕ್ಷೆಯಲ್ಲಿ 16ರಲ್ಲೂ ಸೂಜಿ ಅಲುಗಿದರೆ, ಇಲ್ಲವೇ ಹುಕ್ಕಿನ ಮೊನೆ ಮೊಂಡಾಗಿದ್ದರೆ, ಮನೆಗೇ ಬಂದು ನೋಡುವ ಮೆಕ್ಯಾನಿಕ್ ಹುಡುಕಿ. ಬಂದವರಿಗೆ ಮುರಿದ ಸೂಜಿಗಳನ್ನು ತೋರಿಸಿ. ಮುಂದೆ ಯಾವ ನಂಬರಿನ ಸೂಜಿ ಹೆಚ್ಚು ಬಳಸುತ್ತೀರಿ ಅಂತ ಮೊದಲೇ ನಿರ್ಧರಿಸಿ, ಅದೇ ಸೂಜಿ ಹಾಕಿ ಸಂದು ಇಡಲು ಹೇಳಿ. ಬ್ಯಾಟಿಂಗ್ ಜೊತೆ ಸೀರೆಯನ್ನೂ ಹಾಕುವ ನಿಮ್ಮ ಕ್ವಿಲ್ಟ್‌ಗೆ 18ನೇ ಎಂ.ಆರ್. ಬೇಕು ಅನ್ನಿಸಿದರೆ 18ಕ್ಕೇ ಇಡಿಸಿಕೊಳ್ಳಿ. ಆಮೇಲೆ ತೆಳು ರೇಷ್ಮೆಗೆ ಅಂತ 14 ಹಾಕಿದಾಗ ಹೊಲಿಗೆ ತಪ್ಪಿದರೆ ಗಾಬರಿಯಾಗಬೇಡಿ. ಆಗ ಸಂದು ಜಾಸ್ತಿಯಾಗಿ ಹುಕ್ ದಾರದ ಕುಣಿಕೆಯನ್ನು ಹಿಡಿಯುತ್ತಿಲ್ಲ ಅಂತ ಅರ್ಥ.